ಎಂಟು ಹೆಸರಿನ ಕಾರ್ಡು

ಐದನೆಯ ಸಲ ಆಹಾರ ಕಚೇರಿಯ ಮೆಟ್ಟಿಲು ಹತ್ತಿದಾಗ ಕಾಜಕ್ಕನ ಚೀಲದಲ್ಲಿ ಇಲ್ಲದ ಕಾಗದವೇ ಇರಲಿಲ್ಲ. ಮೊದಲ ಸಲ ಫೋಟೊ ಸಣ್ಣದಾಯಿತೆಂದು ಕಳಿಸಿದ್ದರು. ಎರಡನೆಯ ಸಲ ಮನೆ ಮಾಲೀಕನ ಪತ್ರ ಬೇಕೆಂದರು. ಮೂರನೆಯ ಸಲ ಪತ್ರವಿತ್ತು, ಸಹಿಯಿತ್ತು, ತಾರೀಕಿರಲಿಲ್ಲ. ನಾಲ್ಕನೆಯ ಸಲ ಎಲ್ಲವೂ ಇತ್ತು, ಗುಮಾಸ್ತೆ ಇರಲಿಲ್ಲ. ಹಸಿದವರಿಗೆ ಕಾಲು ಸವೆಸುವ ಕೆಲಸವೊಂದನ್ನು ಕೊಟ್ಟರೆ ಹಸಿವು ಮರೆತುಹೋಗುತ್ತದೆ ಎಂದು ಆ ಕಚೇರಿಯ ಯಾರೋ ಪುಣ್ಯಾತ್ಮರು ಕಂಡುಹಿಡಿದಿರಬೇಕು.

ಕಾಜಕ್ಕ ಎಂಬುದು ಓಣಿಯವರು ಇಟ್ಟ ಹೆಸರು. ಅಂಗಿ ಹೊಲಿಯುವ ಕಾರ್ಖಾನೆಯಿಂದ ಮೂಟೆ ತಂದು, ಮನೆಯಲ್ಲೇ ಕೂತು ಗುಂಡಿ ಹಚ್ಚಿ, ಗುಂಡಿ ತೂರುವ ಕಾಜ ಹೊಲಿದು ಕೊಡುವುದು ಅವಳ ಕಸುಬು. ಲಾರಿಗೆ ಸಾಮಾನು ಏರಿಸುತ್ತಿದ್ದ ಗಂಡ ನಾಲ್ಕು ವರ್ಷದ ಹಿಂದೆ ಲಾರಿಯ ಮೇಲಿಂದಲೇ ಬಿದ್ದು ತೀರಿಹೋಗಿದ್ದ. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳಿಗೆ ಹನ್ನೆರಡು, ಚಿಕ್ಕವಳಿಗೆ ಏಳು. ಈಚೆಗೆ ಕಾರ್ಖಾನೆಯವರು ಕಾಜ ಹೊಲಿಯುವ ಮಷೀನು ತಂದಮೇಲೆ ವಾರಕ್ಕೆ ಮೂರು ಮೂಟೆ ಬರುತ್ತಿದ್ದದ್ದು ಒಂದಕ್ಕೆ ಇಳಿದಿತ್ತು. ಹೋದ ತಿಂಗಳು ದೊಡ್ಡವಳು ಶಾಲೆಯಲ್ಲಿ ತಲೆ ಸುತ್ತಿ ಬಿದ್ದಳು. ಬೆಳಿಗ್ಗೆ ಏನು ತಿಂದೆ ಎಂದು ಟೀಚರು ಕೇಳಿದ್ದಕ್ಕೆ ನೀರು ಎಂದಳಂತೆ. ಅವತ್ತೇ ಕಾಜಕ್ಕ ಅರ್ಜಿ ಬರೆಸಿದ್ದಳು.

ಮೂರನೆಯ ಕಿಟಕಿಯ ಗುಮಾಸ್ತೆ ಕಾಗದಗಳನ್ನೆಲ್ಲ ಒಂದೊಂದಾಗಿ ತಿರುವಿದಳು. ಈ ಸಲ ಒಂದಕ್ಕೂ ಕೊಂಕು ತೆಗೆಯಲಿಲ್ಲ. ಕಂಪ್ಯೂಟರಿನಲ್ಲಿ ಹೆಸರು ಹೊಡೆದಳು, ಮಕ್ಕಳ ಹೆಸರು ಹೊಡೆದಳು, ಆಮೇಲೆ ಕನ್ನಡಕ ಮೇಲೆತ್ತಿ ಕಾಜಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮಗೆ ಕಾರ್ಡಿದೆಯಲ್ಲಮ್ಮ."

"ಯಾರಿಗೆ?"

"ನಿಮಗೇ. ನಿಮಗೂ, ಇಬ್ರು ಮಕ್ಕಳಿಗೂ. ನಾಲ್ಕು ವರ್ಷದಿಂದ ತಿಂಗಳು ತಪ್ಪದೆ ರೇಷನ್ ತಗೊಂಡಿದೀರ."

ಕಾಜಕ್ಕನಿಗೆ ಮೊದಲು ನಗು ಬಂತು. ಯಾರದೋ ಕಾಗದ ಯಾರಿಗೋ ಸೇರಿಕೊಂಡಿದೆ, ಇನ್ನೊಮ್ಮೆ ನೋಡಿ ಎಂದಳು. ಗುಮಾಸ್ತೆಗೆ ಏನನ್ನಿಸಿತೋ, ಪರದೆಯನ್ನು ಕಿಟಕಿಯ ಕಡೆ ತಿರುಗಿಸಿದಳು. ಎಂಟು ಹೆಸರು. ಮೊದಲ ಹೆಸರು ಕಾಜಕ್ಕನ ಓರಗಿತ್ತಿಯದು, ಅಂದರೆ ಗಂಡನ ಅಣ್ಣನ ಹೆಂಡತಿಯದು. ಆಮೇಲೆ ಭಾವ, ಅವರ ಇಬ್ಬರು ಗಂಡುಮಕ್ಕಳು. ಐದನೆಯದು ಅತ್ತೆ. ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು. ಸತ್ತ ಮೇಲೂ ಆ ಮುದುಕಿ ತಿಂಗಳಿಗೆ ಐದು ಕೆಜಿ ಅಕ್ಕಿ ಉಣ್ಣುತ್ತಿದ್ದಳು. ಬದುಕಿದ್ದಾಗ ಸೊಸೆಯ ಕೈಯಿಂದ ಪಾಪ ಅಷ್ಟು ಸಿಕ್ಕಿರಲಿಲ್ಲ. ಕೊನೆಯ ಮೂರು ಹೆಸರು ಕಾಜಕ್ಕನದು, ಅವಳ ದೊಡ್ಡವಳದು, ಚಿಕ್ಕವಳದು.

ಹೆಸರಿನ ಮುಂದೆ ಹೆಬ್ಬೆಟ್ಟಿನ ಗುರುತೂ ಇತ್ತು. ಅದನ್ನು ನೋಡಿದಾಗ ಅವಳಿಗೆ ನೆನಪಾಯಿತು. ಗಂಡ ಹೋದ ಹನ್ನೆರಡನೆಯ ದಿನವೋ ಏನೋ, ಸಾವಿನ ಕಾಗದ ಮಾಡಿಸೋಣ ಬಾ ಎಂದು ಓರಗಿತ್ತಿಯೇ ಕೈ ಹಿಡಿದು ಇದೇ ಕಟ್ಟಡಕ್ಕೆ ಕರೆತಂದಿದ್ದಳು. ಒಂದು ಗಾಜಿನ ಮೇಲೆ ಹೆಬ್ಬೆಟ್ಟು ಇಡು ಎಂದಳು, ಇವಳು ಇಟ್ಟಳು. ಅತ್ತು ಅತ್ತು ಊದಿದ ಕಣ್ಣಿಗೆ ಅದು ಯಾವ ಕಿಟಕಿ, ಯಾವ ಕಾಗದ ಎಂದು ಹೇಗೆ ಕಾಣಬೇಕು ಹೇಳಿ.

ಈಗೇನು ಮಾಡಬೇಕು ಎಂದು ಕೇಳಿದಳು. ಎರಡು ದಾರಿ ಇವೆ ಎಂದಳು ಗುಮಾಸ್ತೆ. ಕಾರ್ಡಿನವಳು ತಾನಾಗಿ ಸಹಿ ಹಾಕಿ ಕಾರ್ಡು ವಾಪಸ್ ಮಾಡಿದರೆ ಯಾರ ತಂಟೆಯೂ ಇಲ್ಲ, ಎಲ್ಲ ಹೆಸರೂ ಬಿಡುಗಡೆಯಾಗುತ್ತವೆ, ಆಮೇಲೆ ಇವಳ ಹೊಸ ಅರ್ಜಿಗೆ ಮೂರು ನಾಲ್ಕು ತಿಂಗಳು. ಇಲ್ಲವಾದರೆ ದೂರು ಕೊಡಬೇಕು. ದೂರು ಕೊಟ್ಟರೆ ವಿಚಾರಣೆ. ಭಾವನದು ನೀರು ಸರಬರಾಜು ಕಚೇರಿಯಲ್ಲಿ ಕಾಯಂ ನೌಕರಿ, ಅಂಥವರ ಮನೆಗೆ ಈ ಕಾರ್ಡೇ ಸಲ್ಲದಾದ್ದರಿಂದ ಅವನ ಕೆಲಸಕ್ಕೇ ಸಂಚಕಾರ. ವಿಚಾರಣೆ ಮುಗಿಯಲು ವರ್ಷವಾದರೂ ಆಯಿತು, ಅಲ್ಲಿಯವರೆಗೆ ಕಾರ್ಡಿಗೆ ಬೀಗ, ಎಂಟು ಹೆಸರಲ್ಲಿ ಒಬ್ಬರಿಗೂ ಒಂದು ಕಾಳು ಇಲ್ಲ.

ಅಂದರೆ ಯಾವ ದಾರಿ ಹಿಡಿದರೂ ಮಕ್ಕಳ ತಟ್ಟೆಗೆ ತಿಂಗಳುಗಟ್ಟಲೆ ಬೀಳುವುದು ಸೊನ್ನೆ. ಕಾಜಕ್ಕ ಕಿಟಕಿಯ ಕಟ್ಟೆ ಹಿಡಿದುಕೊಂಡು ನಿಂತಳು. ಹಿಂದಿನವರು ಸರ್ಕೊಳ್ಳಿ ಅಮ್ಮ ಎನ್ನುತ್ತಿದ್ದರು. ಗುಮಾಸ್ತೆ ಅರ್ಜಿ ತಿರಸ್ಕಾರದ ಚೀಟಿ ಮುದ್ರಿಸಿ ಕೊಟ್ಟಳು. ಚೀಟಿಯಲ್ಲಿ ಹಳೆಯ ಕಾರ್ಡಿನ ನಂಬರು ದಪ್ಪಕ್ಷರದಲ್ಲಿತ್ತು.

"ಮೇಡಂ, ಇದರಲ್ಲಿ ನನ್ನ ಹೆಬ್ಬೆಟ್ಟಿದೆಯಲ್ಲ, ಅದು ಯಾಕೆ?"

"ಕಾರ್ಡಲ್ಲಿರೋ ದೊಡ್ಡವ್ರೆಲ್ರದ್ದೂ ಇರತ್ತೆ. ಯಾರು ಹೋದ್ರೂ ಅಂಗಡಿಯವ್ನು ಕೊಡಬೇಕಲ್ಲ. ತಿಂಗಳಿಗೆ ಒಂದೇ ಸಲ, ಅಷ್ಟೆ. ಮೊದ್ಲು ಹೋದವ್ರು ತರ್ತಾರೆ."

ಗುಮಾಸ್ತೆ ಇದನ್ನು ಬೇಕೆಂದೇ ಹೇಳಿದಳೋ, ಹೇಳಿ ಹೇಳಿ ರೂಢಿಯಾಗಿ ಹೇಳಿದಳೋ ಗೊತ್ತಿಲ್ಲ. ಕಾಜಕ್ಕ ಮಾತ್ರ ಚೀಟಿಯನ್ನು ನಾಲ್ಕಾಗಿ ಮಡಿಸಿ ಸೂಜಿಯ ಡಬ್ಬದೊಳಗೆ ಇಟ್ಟುಕೊಂಡಳು.

ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ಇದ್ದದ್ದು ಹಾಲಿನ ಪುಡಿಯ ಒಂದು ಹಳೆಯ ಡಬ್ಬಿ. ಓರಗಿತ್ತಿಯದು ಊಟದ ಕ್ಯಾರಿಯರ್ ಕಳಿಸುವ ವ್ಯಾಪಾರ. ಸುತ್ತಲಿನ ಕಾರ್ಖಾನೆಗಳಿಗೆ ದಿನಕ್ಕೆ ಅರವತ್ತು ಕ್ಯಾರಿಯರ್ ಹೋಗುತ್ತಿದ್ದವು. ಓಣಿಯಲ್ಲೆಲ್ಲ ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದರು, ಅವಳೂ ಆ ಹೆಸರಿಗೆ ತಕ್ಕಂತೆ ಎದೆ ಉಬ್ಬಿಸಿ ನಡೆಯುತ್ತಿದ್ದಳು. ಕಾಜಕ್ಕನ ಗಂಡ ಹೋದಾಗಿನಿಂದ ಶನಿವಾರಕ್ಕೊಮ್ಮೆ ಈ ದೊಡ್ಡಮ್ಮ ಆ ಡಬ್ಬಿಯಲ್ಲಿ ಅಕ್ಕಿ ಅಳೆದು ಕೊಡುತ್ತಿದ್ದಳು. ಸುಮ್ಮನೆ ಒಳಗೆ ಕರೆದು ಕೊಟ್ಟರೆ ಕೊಟ್ಟ ಹಾಗಾಗುತ್ತದೆಯೇ? ಅಡುಗೆಯ ಹೆಂಗಸರೆಲ್ಲ ಇರುವಾಗ, ಬಾಗಿಲಲ್ಲಿ ನಿಲ್ಲಿಸಿ, ಡಬ್ಬಿ ತುಂಬಿಸಿ, ಮೇಲೆ ಗೋಪುರವಾಗಿ ನಿಂತ ಅಕ್ಕಿಯನ್ನು ಅಂಗೈಯಿಂದ ಒರೆಸಿ ಸಮ ಮಾಡಿ, ಒರೆಸಿದ್ದನ್ನು ಮತ್ತೆ ಪೀಪಾಯಿಗೆ ಉದುರಿಸಿ ಕೊಡುತ್ತಿದ್ದಳು. ಕೊಡುವಾಗ ಒಂದು ಮಾತು ತಪ್ಪುತ್ತಿರಲಿಲ್ಲ: "ಮನೆಯವ್ರಲ್ವಾ, ಹಸ್ಕೊಂಡಿರೋಕೆ ಬಿಡ್ತೀನಾ?"

ಆ ಮಾತಿಗೆ ಕಾಜಕ್ಕ ನಾಲ್ಕು ವರ್ಷ ಕಣ್ಣೀರು ತುಂಬಿಕೊಂಡು ತಲೆ ಬಾಗಿದ್ದಳು. ಋಣ ಹೊತ್ತುಕೊಂಡು ಇರಬಾರದೆಂದು ದಿನಾ ಮಧ್ಯಾಹ್ನ ಹೋಗಿ, ವಾಪಸ್ ಬಂದ ಅರವತ್ತು ಕ್ಯಾರಿಯರ್ ಉಜ್ಜಿ ತೊಳೆದು ಬರುತ್ತಿದ್ದಳು, ಬಿಡಿಗಾಸು ಕೇಳದೆ. ರೇಷನ್ನಿಗೆ ಅರ್ಜಿ ಹಾಕಲೇ ಎಂದು ಒಂದೆರಡು ಸಲ ಕೇಳಿದ್ದಳು. ಆಗೆಲ್ಲ ಓರಗಿತ್ತಿ ಹುಬ್ಬು ಹಾರಿಸಿ, ಆ ಕಚೇರಿಯವರು ಮನೆಗೆ ಬಂದು ಪಾತ್ರೆ ಪಗಡೆ ನೋಡುತ್ತಾರೆ, ಸಾಕಲಾರದವಳೆಂದು ಬರೆದುಕೊಂಡು ಮಕ್ಕಳನ್ನು ಅನಾಥಾಲಯಕ್ಕೆ ಎತ್ತಿಕೊಂಡು ಹೋಗುತ್ತಾರೆ ಎಂದು ಹೆದರಿಸಿದ್ದಳು. ಇವಳು ಅರ್ಜಿಯ ಮಾತನ್ನೇ ಬಿಟ್ಟಿದ್ದಳು. ಅತ್ತೆಯ ಸೊತ್ತು ಅಳಿಯ ದಾನ ಮಾಡಿದನೆಂಬ ಗಾದೆ ಕೇಳಿದ್ದೇವೆ. ಇಲ್ಲಿ ಅದಕ್ಕಿಂತ ಒಂದು ಕೈ ಮೇಲು: ತಿಂಗಳಿಗೆ ಹದಿನೈದು ಕೆಜಿ ಇವಳದೇ ಅಕ್ಕಿ, ಅದರಲ್ಲಿ ನಾಲ್ಕು ಡಬ್ಬಿ ಇವಳಿಗೇ ದಾನ, ಆ ದಾನಕ್ಕೆ ಇವಳದೇ ಚಾಕರಿ.

ಮೈಯೆಲ್ಲ ಉರಿದುಹೋಯಿತು. ಹೋಗಿ ಆ ಡಬ್ಬಿಯನ್ನು ಅವಳ ಮುಖಕ್ಕೇ ಎಸೆದು ಬರಲೇ ಅನ್ನಿಸಿತು. ಎಸೆದರೆ ಏನಾಗುತ್ತದೆ? ಓಣಿಯವರು ನಾಲ್ಕು ದಿನ ಮಾತಾಡಿಕೊಳ್ಳುತ್ತಾರೆ, ದೊಡ್ಡಮ್ಮ ಎದೆ ಬಡಿದುಕೊಂಡು ಅತ್ತು ತಾನೇ ನೊಂದವಳಾಗುತ್ತಾಳೆ, ಮಕ್ಕಳಿಗೆ ಶನಿವಾರದ ಡಬ್ಬಿಯೂ ತಪ್ಪುತ್ತದೆ. ಮೊದಲು ಹೊಟ್ಟೆ, ಆಮೇಲೆ ಅರ್ಜಿ, ಎಲ್ಲಕ್ಕಿಂತ ಕೊನೆಗೆ ಜಗಳ. ಕಾಜಕ್ಕ ಹಲ್ಲು ಕಚ್ಚಿಕೊಂಡು ಎಂದಿನಂತೆ ಕ್ಯಾರಿಯರ್ ತೊಳೆಯಲು ಹೋದಳು.

ಆದರೂ ಅವತ್ತು ಒಂದು ಅವಕಾಶ ಕೊಟ್ಟಳು. ನನ್ನ ಮಾತು ನಂಬಿ, ಕೊಟ್ಟೇ ಕೊಟ್ಟಳು. ಉಜ್ಜುತ್ತ ಉಜ್ಜುತ್ತಲೇ, ತಲೆಯೆತ್ತದೆ, ಕೇಳಿದಳು.

"ಅಕ್ಕ, ಈ ರೇಷನ್ ಕಾರ್ಡಲ್ಲಿ ಎಲ್ಲಾದ್ರೂ ನನ್ನ ಹೆಸರು ಇರಬಹುದಾ?"

ಓರಗಿತ್ತಿ ಒಲೆಯ ಮುಂದೆ ನಿಂತಿದ್ದಳು. ಸೌಟು ಒಂದು ಗಳಿಗೆ ನಿಂತಿತು, ಮತ್ತೆ ತಿರುಗಿತು.

"ನಿನ್ನ ಹೆಸರು ಯಾರಿಗೆ ಬೇಕು ಹೇಳು," ಎಂದಳು. "ನಾನಿಲ್ವಾ. ಮನೆಯವ್ರಲ್ವಾ, ಹಸ್ಕೊಂಡಿರೋಕೆ ಬಿಡ್ತೀನಾ?"

ಕಾಜಕ್ಕ ಕೈಯಲ್ಲಿದ್ದ ಕ್ಯಾರಿಯರನ್ನು ಎರಡು ಸಲ ಉಜ್ಜಿದಳು. ಆ ಗಳಿಗೆಯಲ್ಲಿ ಅವಳ ಎದೆಯಲ್ಲಿ ಓರಗಿತ್ತಿಯ ಮೇಲಿದ್ದ ಕೊನೆಯ ಎಳೆಯೂ ಕಿತ್ತುಹೋಯಿತು. ಇವಳ ಕೈಗೆ ಅದೇ ಡಬ್ಬಿ ಕೊಡದೆ ನಾನು ಸಾಯುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದಳು.

ಅವರಿಗಿಂತ ಮೊದಲು ಹೋಗಿ ರೇಷನ್ ತರಲು ಒಂದೇ ತೊಡಕಿತ್ತು, ಅದು ಅವಳ ಹೆಬ್ಬೆಟ್ಟಿನದು. ನಾಲ್ಕು ವರ್ಷ ನಾರು, ಬೂದಿ, ಸೋಪಿನ ಪುಡಿಯಲ್ಲಿ ಅರವತ್ತರಂತೆ ಉಜ್ಜಿದ ಬೆರಳು ಅದು. ಅದಕ್ಕಿಂತ ಮುಂಚಿನಿಂದ ಸೂಜಿ ಚುಚ್ಚಿಸಿಕೊಂಡದ್ದು ಬೇರೆ. ಬೆರಳಿನ ಗೆರೆಗಳೆಲ್ಲ ಸವೆದು, ತುದಿ ಹಳೆಯ ನಾಣ್ಯದಂತೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಮಷೀನು ಇಂಥ ಬೆರಳನ್ನು ಗುರುತು ಹಿಡಿಯುವುದಿಲ್ಲ ಎಂಬುದು ಓಣಿಯ ಮುದುಕಿಯರಿಗೆಲ್ಲ ಗೊತ್ತಿತ್ತು. ಮೂರು ಸಲ ಒತ್ತಬಹುದು, ಮೂರೂ ತಪ್ಪಿದರೆ ಆ ದಿನದ ಆಟ ಮುಗಿಯಿತು. ಆ ದಿನದ ಆಟ ಮುಗಿದರೆ ಅಂಗಡಿಯವನು ದೊಡ್ಡಮ್ಮನಿಗೆ ಸುದ್ದಿ ಮುಟ್ಟಿಸುತ್ತಾನೆ, ಗುಟ್ಟು ರಟ್ಟಾಗುತ್ತದೆ. ಕಳ್ಳತನ ಮಾಡಿದವಳು ಉಜ್ಜಿಸಿ ಉಜ್ಜಿಸಿ ಬೀಗದ ಕೈಯನ್ನೂ ಸವೆಸಿಬಿಟ್ಟಿದ್ದಳು ನೋಡಿ.

ರೇಷನ್ ಕೊಡಲು ಶುರುಮಾಡುವ ಒಂದನೇ ತಾರೀಕಿಗೆ ಹತ್ತೊಂಬತ್ತು ದಿನ ಇತ್ತು. ಪಕ್ಕದ ಮನೆಯ ಅಜ್ಜಿಗೆ ಈ ವಿದ್ಯೆ ಚೆನ್ನಾಗಿ ಬರುತ್ತಿತ್ತು. ಅವಳು ಕಾರಣ ಕೇಳದೆ ಉಪಾಯ ಹೇಳಿಕೊಟ್ಟಳು. ನೀರು ಮುಟ್ಟಿಸಬೇಡ, ಸೋಪು ಮುಟ್ಟಿಸಬೇಡ, ದಿನಕ್ಕೆ ಮೂರು ಸಲ ಎಣ್ಣೆ ಹಚ್ಚಿ ಬಟ್ಟೆ ಸುತ್ತು, ಚರ್ಮ ಮತ್ತೆ ಹುಟ್ಟಿಬರುತ್ತದೆ ಎಂದಳು. ಕಾಜಕ್ಕ ಸೂಜಿ ಆಳಕ್ಕೆ ನೆಟ್ಟು ಕೀವಾಗಿದೆ ಎಂದು ಸುಳ್ಳು ಹೇಳಿ ಬಲಗೈ ಹೆಬ್ಬೆಟ್ಟಿಗೆ ಬಟ್ಟೆ ಸುತ್ತಿಕೊಂಡು, ಎಡಗೈಯಿಂದ ಕ್ಯಾರಿಯರ್ ಉಜ್ಜತೊಡಗಿದಳು. ಗುಂಡಿ ಹಚ್ಚುವುದನ್ನೂ ಎಡಗೈಯಲ್ಲೇ ಮಾಡಲು ಹೋಗಿ ಎರಡು ಡಜನ್ ಅಂಗಿ ವಾಪಸ್ ಬಂದವು. ಹಗಲಿಡೀ ಆ ಬೆರಳನ್ನು ಎತ್ತಿ ಹಿಡಿದುಕೊಂಡು ಓಡಾಡುವ ಅಮ್ಮನನ್ನು ಕಂಡು ಚಿಕ್ಕವಳು ನಗುತ್ತಿದ್ದಳು. ಓರಗಿತ್ತಿಯೂ ಬಿಡಲಿಲ್ಲ. ಏನೇ ಅದು, ಹೆಬ್ಬೆಟ್ಟಿಗೆ ಮದುವೆ ಗಿದುವೆ ಮಾಡ್ತೀಯಾ ಎಂದು ಅಡುಗೆಯವರ ಮುಂದೆ ಚುಡಾಯಿಸಿದಳು. ಹೌದಕ್ಕ, ಒಂದನೇ ತಾರೀಕು ಮುಹೂರ್ತ ಎಂದಳು ಕಾಜಕ್ಕ. ಎಲ್ಲರೂ ನಕ್ಕರು, ಓರಗಿತ್ತಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ದೊಡ್ಡಮ್ಮನ ಮನೆಯವರು ರೇಷನ್ ತರುತ್ತಿದ್ದದ್ದು ತಿಂಗಳ ಮೂರನೇ ತಾರೀಕು. ಮೊದಲೆರಡು ದಿನ ನೂಕುನುಗ್ಗಲು ಇರುತ್ತದೆ, ಆ ಬಡಪಾಯಿಗಳ ನಡುವೆ ನಾವೇಕೆ ನಿಲ್ಲಬೇಕು ಎಂಬುದು ಅವರ ದೊಡ್ಡಸ್ತಿಕೆ. ಆ ದೊಡ್ಡಸ್ತಿಕೆಯೇ ಕಾಜಕ್ಕನಿಗೆ ಬಾಗಿಲು ತೆರೆಯಿತು.

ಒಂದನೇ ತಾರೀಕು ಬೆಳಕು ಹರಿಯುವ ಹೊತ್ತಿಗೆ ಅವಳು ಇಸ್ತ್ರಿ ಅಂಗಡಿಯವನ ತಳ್ಳುಗಾಡಿ ಕೇಳಿ ತಂದು ಸಾಲಿನಲ್ಲಿ ನಿಂತಳು. ದೊಡ್ಡವಳೂ ಜೊತೆಗಿದ್ದಳು. ಅಂಗಡಿಯವನಿಗೆ ಓಣಿಯಲ್ಲಿ ತಕ್ಕಡಿಯಣ್ಣ ಎಂದು ಹೆಸರು. ಮಷೀನು ಬಂದು ತಕ್ಕಡಿ ಮೂಲೆ ಸೇರಿದ್ದರೂ ಹೆಸರು ಹೋಗಿರಲಿಲ್ಲ. ಕಾಜಕ್ಕ ಚೀಟಿ ತೆಗೆದು ಕಾರ್ಡಿನ ನಂಬರು ಓದಿದಳು. ಅವನು ಒತ್ತಿದ, ಪರದೆ ನೋಡಿದ, ಅವಳ ಮುಖ ನೋಡಿದ.

"ಇದು ದೊಡ್ಡಮ್ಮನ ಕಾರ್ಡಲ್ವಾ?"

"ಹೌದಣ್ಣ. ನಾನೂ ಆ ಮನೆಯವಳೇ ಅಲ್ವಾ. ಹೆಸರಿದೆ, ನೋಡಿ."

ಅವನು ನೋಡಿದ. ಹೆಸರು ಇತ್ತು, ಇಲ್ಲವೆನ್ನುವ ಹಾಗಿರಲಿಲ್ಲ. ಸಾಲು ಹಿಂದಿನಿಂದ ಒತ್ತುತ್ತಿತ್ತು. ಮಷೀನನ್ನು ಅವಳ ಕಡೆ ತಳ್ಳಿದ. ಕಾಜಕ್ಕ ಬಟ್ಟೆ ಬಿಚ್ಚಿ, ಎಣ್ಣೆ ಒರೆಸಿ, ಹೆಬ್ಬೆಟ್ಟು ಇಟ್ಟಳು. ಕೆಂಪು ದೀಪ. ಮತ್ತೆ ಒರೆಸಿ ಇಟ್ಟಳು. ಮತ್ತೆ ಕೆಂಪು. ಹತ್ತೊಂಬತ್ತು ದಿನದ ಆರೈಕೆ, ವಾಪಸ್ ಬಂದ ಅಂಗಿಗಳು, ಮಕ್ಕಳ ತಟ್ಟೆ, ಎಲ್ಲವೂ ಒಂದು ಒತ್ತಿನ ಮೇಲೆ ನಿಂತಿದ್ದವು. ಹೋಗಲಿ ಬಿಡಮ್ಮ, ನಾಳೆ ದೊಡ್ಡಮ್ಮನನ್ನೇ ಕಳಿಸು ಎಂದ ತಕ್ಕಡಿಯಣ್ಣ.

ಆ ಮಾತು ಕಿವಿಗೆ ಬಿದ್ದದ್ದೇ ಅವಳ ಮೈ ಬಿಸಿಯಾಯಿತು. ಪಕ್ಕದ ಅಜ್ಜಿ ಹೇಳಿದ್ದ ಕೊನೆಯ ಉಪಾಯ ನೆನಪಾಗಿ ಹೆಬ್ಬೆಟ್ಟನ್ನು ಕೂದಲ ಬುಡದಲ್ಲಿ ಗಸಗಸ ಉಜ್ಜಿದಳು. ಆಮೇಲೆ ಆ ಗಾಜಿನ ಮೇಲೆ, ಓರಗಿತ್ತಿಯ ಕುತ್ತಿಗೆಯ ಮೇಲೇ ಇಟ್ಟಂತೆ, ಬೆರಳನ್ನು ಒತ್ತಿ ಹಿಡಿದಳು. ಮಷೀನು ಕುಂಯ್ ಎಂದಿತು. ದೀಪ ಹಸಿರಾಯಿತು.

ನಲವತ್ತು ಕೆಜಿ ಅಕ್ಕಿ, ಎಂಟು ಕೆಜಿ ಬೇಳೆ, ನಾಲ್ಕು ಲೀಟರ್ ಎಣ್ಣೆ. ಗಾಡಿ ತಳ್ಳಿಕೊಂಡು ಬರುವಾಗ ದೊಡ್ಡವಳು, ಇಷ್ಟೂ ನಮ್ಮದಾ ಅಮ್ಮ ಎಂದು ಕೇಳಿದಳು. ಸತ್ತ ನಿಮ್ಮಜ್ಜಿಯ ಪಾಲೂ ಸೇರಿ ನಮ್ಮದೇ ಎಂದಳು ಕಾಜಕ್ಕ. ಅವತ್ತು ಮಧ್ಯಾಹ್ನ ಮಕ್ಕಳು ಎರಡನೇ ಸಲ ಅನ್ನ ಬಡಿಸಿಕೊಂಡರು. ಅವತ್ತು ಅವಳು ಕ್ಯಾರಿಯರ್ ತೊಳೆಯಲು ಹೋಗಲಿಲ್ಲ.

ಮೂರನೇ ತಾರೀಕು ಭಾವ ನಾಲ್ಕು ಖಾಲಿ ಚೀಲ ಹಿಡಿದು ಹೋದವನು ನಾಲ್ಕು ಖಾಲಿ ಚೀಲ ಹಿಡಿದು ಬಂದ. ಹತ್ತು ನಿಮಿಷವಾಗಿರಲಿಲ್ಲ, ಓರಗಿತ್ತಿ ಕಾಜಕ್ಕನ ಬಾಗಿಲಲ್ಲಿದ್ದಳು. ಕೈಯಲ್ಲಿ ಸೌಟು ಹಾಗೇ ಇತ್ತು. ಬಂದ ರಭಸಕ್ಕೆ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಒಳಗೆ ಸಾಲಾಗಿ ಕೂತಿದ್ದ ಮೂಟೆಗಳನ್ನು ಕಂಡದ್ದೇ ಅವಳ ಬಾಯಿ ತೆರೆಯಿತು. ಯಾರ ಅಕ್ಕಿ ಯಾರೇ ತಂದದ್ದು ಎಂದು ಶುರುಮಾಡಿದಳು.

ಕಾಜಕ್ಕ ಕೂತಲ್ಲಿಂದ ಏಳಲಿಲ್ಲ. ಕೈಯಲ್ಲಿದ್ದ ಅಂಗಿಯ ಗುಂಡಿಗೆ ಗಂಟು ಹಾಕಿ, ದಾರ ಕಡಿದು, ಆಮೇಲೆ ತಲೆಯೆತ್ತಿದಳು.

"ನೀವೇ ಹೇಳಿ ಅಕ್ಕ. ಓಣಿಯವ್ರೆಲ್ಲ ಇದ್ದಾರೆ, ಕೇಳಿಸ್ಕೊಳ್ಳಲಿ. ಯಾವ ಕಾರ್ಡು, ಅದ್ರಲ್ಲಿ ಯಾರ್ಯಾರ ಹೆಸರು, ಒಂದೊಂದಾಗಿ ಹೇಳಿ. ಅತ್ತೆಯಿಂದ್ಲೇ ಶುರು ಮಾಡಿ."

ಕಳ್ಳನಿಗೆ ಚೇಳು ಕುಟುಕಿದರೆ ಕೂಗಲಿಕ್ಕುಂಟೇ? ಓರಗಿತ್ತಿಯ ಬಾಯಿ ಎರಡು ಸಲ ತೆರೆಯಿತು, ಎರಡು ಸಲ ಮುಚ್ಚಿತು. ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು. ಎದುರು ಮನೆಯವಳು ಏನಾಯ್ತು ದೊಡ್ಡಮ್ಮ ಎಂದು ಕಾಳಜಿಯಿಂದ ಕೇಳಿದಳು. ಏನಿಲ್ಲ, ಮನೆ ಮಾತು ಎಂದು ಹೇಳಿ ಸೌಟನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಡೆದಳು. ಕಾಜಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಹೊಟ್ಟೆ ಇನ್ನೂ ತಣ್ಣಗಾಗಿರಲಿಲ್ಲ. ನಾಲ್ಕು ವರ್ಷದ ಉರಿ ಒಂದು ಲೋಟ ಹಾಲಿಗೆ ಆರುತ್ತದೆಯೇ.

ಮುಂದಿನ ತಿಂಗಳು ಓರಗಿತ್ತಿ ಮೈಮರೆಯಲಿಲ್ಲ. ಒಂದನೇ ತಾರೀಕೇ, ಕತ್ತಲಿರುವಾಗಲೇ ಗಂಡನನ್ನು ಎಬ್ಬಿಸಿ ಕಳಿಸಿದಳು. ಪಾಪದ ಭಾವನಿಗೆ ಆ ಅಂಗಡಿಯ ಕ್ರಮ ಗೊತ್ತಿರಲಿಲ್ಲ. ಅಲ್ಲಿ ಮನುಷ್ಯರು ನಿಲ್ಲುವುದಕ್ಕಿಂತ ಮೊದಲು ಸಾಮಾನು ನಿಲ್ಲುತ್ತದೆ. ಹಿಂದಿನ ದಿನ ಸಂಜೆಯೇ ಜನ ತಮ್ಮ ಚೀಲವನ್ನೋ, ಹರಿದ ಚಪ್ಪಲಿಯನ್ನೋ, ಇಟ್ಟಿಗೆಯನ್ನೋ ಸಾಲಿನಲ್ಲಿಟ್ಟು ಮನೆಗೆ ಹೋಗುತ್ತಾರೆ. ಬಡವರ ನಡುವೆ ಆ ಚಪ್ಪಲಿಗೆ ಸಿಗುವ ಮರ್ಯಾದೆ ಸಾಹೇಬರ ಸಹಿಗೂ ಇಲ್ಲ. ಮೂರನೇ ತಾರೀಕು ಖಾಲಿ ಅಂಗಡಿಗೆ ಹೋಗಿ ರೂಢಿಯಾದವನು ಮೊದಲಿಗನಾಗಿ ಬಂದೆನೆಂದು ಬಾಗಿಲಿಗೇ ಆತು ನಿಂತಿದ್ದ. ಅಂಗಡಿ ತೆರೆಯುವ ಹೊತ್ತಿಗೆ ಚಪ್ಪಲಿ ಇಟ್ಟವರೆಲ್ಲ ಬಂದು ಅವನನ್ನು ನಯವಾಗಿಯೇ ಹದಿನೇಳನೆಯ ಜಾಗಕ್ಕೆ ತಳ್ಳಿದರು. ಮೊದಲನೆಯ ಜಾಗದಲ್ಲಿ ಗುಂಡಿಗಳ ಖಾಲಿ ಪೆಟ್ಟಿಗೆಯೊಂದು ಇತ್ತು. ಅದರ ಹಿಂದೆ ಕಾಜಕ್ಕ ಬಂದು ನಿಂತಳು. ಈ ಸಲ ದೀಪ ಮೊದಲ ಒತ್ತಿಗೇ ಹಸಿರಾಯಿತು. ಒಂದು ತಿಂಗಳು ಪಾತ್ರೆ ಉಜ್ಜದ ಬೆರಳು.

ಗಾಡಿಗೆ ಮೂಟೆ ಏರಿಸುವಾಗ ಅವಳು ಭಾವನನ್ನು ಕರೆದು, ಸ್ವಲ್ಪ ಕೈ ಹಾಕಿ ಎಂದಳು. ಆ ಬಾಯಿಸತ್ತ ಮನುಷ್ಯ ರೂಢಿಬಲದಿಂದ ಮೂಟೆ ಎತ್ತಿಕೊಟ್ಟ. ಎತ್ತಿದ ಮೇಲೆ ತಾನೇನು ಮಾಡಿದೆನೆಂದು ಹೊಳೆದು ಇಂಗು ತಿಂದ ಮಂಗನಂತೆ ನಿಂತ. ಆ ಸುದ್ದಿ ಅವನಿಗಿಂತ ಮುಂಚೆ ಅವನ ಮನೆ ತಲುಪಿತು. ಅವತ್ತು ಅವನಿಗೆ ಮನೆಯಲ್ಲಿ ಊಟ ಸಿಕ್ಕಿತೋ ಇಲ್ಲವೋ ಹೇಳಲಾರೆ.

ಮೂರನೆಯ ತಿಂಗಳೂ ಹಾಗೆಯೇ ಆಯಿತು, ಭಾವ ಹಿಂದಿನ ಸಂಜೆಯೇ ಚೀಲ ಇಡಲು ಹೋದರೂ ಗುಂಡಿಯ ಪೆಟ್ಟಿಗೆ ಆಗಲೇ ಮೊದಲ ಜಾಗದಲ್ಲಿತ್ತು. ಅಷ್ಟರಲ್ಲಿ ದೊಡ್ಡಮ್ಮನ ಕ್ಯಾರಿಯರಿನಲ್ಲಿ ಅನ್ನ ಕಡಿಮೆಯಾಗಿ ಸಾರು ಹೆಚ್ಚಾಗಿತ್ತು. ಪುಕ್ಕಟೆ ಅಕ್ಕಿಯ ಮೇಲೆ ಕಟ್ಟಿದ ವ್ಯಾಪಾರ ಅದು. ಕಾರ್ಖಾನೆಯವರು ಊಟವೋ ಔಷಧವೋ ಎಂದು ಹಂಗಿಸಿ ಬೇರೆ ಕಡೆ ಹೇಳಿಕೊಂಡರು. ಅರವತ್ತು ನಲವತ್ತಾಗಿ, ನಲವತ್ತು ಹದಿನೆಂಟಾಯಿತು. ಅಡುಗೆಯ ಹೆಂಗಸರು ಬಿಟ್ಟುಹೋದರು. ಹದಿನೆಂಟನ್ನೂ ದೊಡ್ಡಮ್ಮ ತಾನೇ ತೊಳೆಯುತ್ತಿದ್ದಾಳೆಂದು ಪಕ್ಕದ ಅಜ್ಜಿ ಬಂದು ಹೇಳಿದಾಗ ಕಾಜಕ್ಕ ಅಜ್ಜಿಗೆ ಒಂದು ಮೊರ ಬೇಳೆ ಕೊಟ್ಟಳು.

ಅವಳ ಒಂದೇ ಕೋಣೆಯ ಮನೆಯಲ್ಲಿ ಈಗ ಗೋಡೆಯುದ್ದಕ್ಕೂ ಮೂಟೆ. ಮಕ್ಕಳು ಅದರ ಮೇಲೆಯೇ ಕೂತು ಓದುತ್ತಿದ್ದರು. ಹೊಸ ಕಾರ್ಡಿಗೆ ಕಾಯಬೇಕಾದ ನಾಲ್ಕು ತಿಂಗಳಿಗೆ ಸಾಕಾಗಿ ಮಿಗುವಷ್ಟಿತ್ತು. ಹೊಟ್ಟೆಯ ಕೆಲಸ ಮುಗಿದಿತ್ತು, ಇನ್ನು ಅರ್ಜಿಯ ಕೆಲಸ. ಕಾಜಕ್ಕ ಕಚೇರಿಯಿಂದ ಕಾರ್ಡು ವಾಪಸ್ ಮಾಡುವ ಅರ್ಜಿ ತಂದಳು. ಇನ್ನೊಂದು ಹಾಳೆಯಲ್ಲಿ ದೊಡ್ಡವಳ ಕೈಯಿಂದ ದುಂಡು ಅಕ್ಷರದಲ್ಲಿ ದೂರು ಬರೆಸಿದಳು. ಎರಡನ್ನೂ ಮೂಟೆಯ ಮೇಲಿಟ್ಟು, ಓರಗಿತ್ತಿಗೆ ಬರಹೇಳಿ ಕಳಿಸಿದಳು.

ಸಂಜೆ ಓರಗಿತ್ತಿ ಬಂದಳು. ಕಂಕುಳಲ್ಲಿ ಮಡಿಸಿದ ಒಂದು ಬಟ್ಟೆಯ ಚೀಲ. ಓಣಿಯಲ್ಲಿ ನಡೆದು ಬಂದದ್ದು ದೊಡ್ಡಮ್ಮ, ಬಾಗಿಲಲ್ಲಿ ನಿಂತದ್ದು ಬೇರೆ ಯಾರೋ ಎನ್ನುವ ಹಾಗಿದ್ದಳು. ಕೂತುಕೊಳ್ಳಿ ಎಂದು ಕಾಜಕ್ಕ ಹೇಳಲಿಲ್ಲ. ಎರಡು ಹಾಳೆಯನ್ನೂ ತೋರಿಸಿ, ಒಂದರಲ್ಲಿ ಸಹಿ, ಇನ್ನೊಂದರಲ್ಲಿ ಭಾವನ ನೌಕರಿ ಎಂದಳು. ಯಾವುದು ಬೇಕೋ ಆರಿಸಿಕೊಳ್ಳಿ, ನಾಳೆ ಬೆಳಿಗ್ಗೆ ಎರಡರಲ್ಲಿ ಒಂದು ಮೂರನೆಯ ಕಿಟಕಿಗೆ ಹೋಗುತ್ತದೆ ಎಂದಳು.

ಓರಗಿತ್ತಿ ಓದಿದಳು. ಸಹಿ ಹಾಕಿದರೆ ಕಾರ್ಡು ಹೋಯಿತು. ನೌಕರಿಯವರ ಮನೆಗೆ ಇನ್ನೊಂದು ಹುಟ್ಟುವುದಿಲ್ಲ. ಅವಳ ಕಣ್ಣು ತುಂಬಿತು. ಮೊದಮೊದಲು ಎರಡು ತಿಂಗಳು ಅಂತ ಮಾಡಿದ್ದು, ವ್ಯಾಪಾರ ಬೆಳೆದ ಮೇಲೆ ಬಿಡಲು ಆಗಲಿಲ್ಲ ಎಂದಳು. ಇರಬಹುದು. ತಾಯಿಯ ಸಮ ಎಂದು ನಂಬಿದವಳ ತಟ್ಟೆಯಿಂದ ತುತ್ತು ಕದಿಯುವುದೂ ರೂಢಿಯಾಗುತ್ತದೆ, ಬೇರೆಲ್ಲದರ ಹಾಗೆ. ಕಾಜಕ್ಕ ಪೆನ್ನು ಮುಂದೆ ಚಾಚಿದಳು. ಓರಗಿತ್ತಿ ಗೋಡೆಗೆ ಹಾಳೆ ಒತ್ತಿ ಹಿಡಿದು ಸಹಿ ಹಾಕಿದಳು.

ಅವಳು ತಿರುಗಿ ಹೋಗುವುದರಲ್ಲಿದ್ದಳು.

"ನಿಲ್ಲಿ ಅಕ್ಕ, ಬರಿಗೈಲಿ ಹೋಗ್ಬೇಡಿ," ಎಂದಳು ಕಾಜಕ್ಕ. ಮಗಳ ಕಡೆ ತಿರುಗಿ, "ದೊಡ್ಡಮ್ಮಂಗೆ ಒಂದು ಡಬ್ಬಿ ಅಕ್ಕಿ ಹಾಕಮ್ಮ."

ಹಾಲಿನ ಪುಡಿಯ ಡಬ್ಬಿ ಅದು, ಓರಗಿತ್ತಿಯ ಮನೆಯದೇ. ಕೊನೆಯ ಶನಿವಾರ ತಂದದ್ದು ವಾಪಸ್ ಕೊಟ್ಟಿರಲಿಲ್ಲ. ದೊಡ್ಡವಳು ಮೂಟೆಗೆ ಡಬ್ಬಿ ಅದ್ದಿ, ಮಕ್ಕಳು ಹಾಕುವ ಹಾಗೆ, ಮೇಲೆ ಗೋಪುರ ನಿಲ್ಲುವಷ್ಟು ತುಂಬಿ ತಂದಳು. ಕಾಜಕ್ಕ ಅದನ್ನು ಇಸಿದುಕೊಂಡಳು. ಓರಗಿತ್ತಿಯ ಮುಖವನ್ನೇ ನೋಡುತ್ತ, ಅವಸರ ಮಾಡದೆ, ಅಂಗೈಯಿಂದ ಗೋಪುರವನ್ನು ಒರೆಸಿ ಸಮ ಮಾಡಿದಳು. ಒರೆಸಿದ ಅಕ್ಕಿ ಮತ್ತೆ ಮೂಟೆಗೆ ಬಿತ್ತು. ದೊಡ್ಡವಳು ಅಮ್ಮನ ಕೈಯನ್ನೇ ನೋಡುತ್ತ ನಿಂತಳು.

ಓರಗಿತ್ತಿ ಚೀಲ ಬಿಚ್ಚಲಿಲ್ಲ. ಕಾಜಕ್ಕನೂ ಚಾಚಿದ ಕೈ ಹಿಂದೆಗೆಯಲಿಲ್ಲ. ಎದುರು ಮನೆಯವಳು ಬಾಗಿಲಿಗೆ ಬಂದಿದ್ದಳು, ಅವಳ ಹಿಂದೆ ಅಜ್ಜಿ ಇದ್ದಳು. ಇನ್ನೊಂದು ಹಾಳೆ, ದುಂಡು ಅಕ್ಷರದ್ದು, ಇನ್ನೂ ಮೂಟೆಯ ಮೇಲೆಯೇ ಇತ್ತು. ಓರಗಿತ್ತಿಯ ಕಣ್ಣು ಅದರ ಮೇಲೆ ಹೋಯಿತು. ಕಂಕುಳಿಂದ ಚೀಲ ತೆಗೆದು ಬಾಯಿ ಅಗಲಿಸಿ ಹಿಡಿದಳು.

"ಮನೆಯವ್ರಲ್ವಾ," ಎಂದಳು ಕಾಜಕ್ಕ, ಅಕ್ಕಿ ಸುರಿಯುತ್ತ. "ಹಸ್ಕೊಂಡಿರೋಕೆ ಬಿಡ್ತೀನಾ?"

ಆಮೇಲೆ ಡಬ್ಬಿ ಕೆಳಗಿಟ್ಟು, ಹಿಂಬದಿಯ ನಲ್ಲಿಯ ಹತ್ತಿರ ನಾಲ್ಕು ಪಾತ್ರೆ ಇವೆ ಅಕ್ಕ ಎಂದಳು, ಅಷ್ಟೆ. ಮುಂದಿನದನ್ನು ಹೇಳಬೇಕಾಗಲಿಲ್ಲ. ಅಕ್ಕಿ ತೆಗೆದುಕೊಂಡವರು ಏನು ಮಾಡಬೇಕೆಂಬ ಕ್ರಮವನ್ನು ಮಾಡಿದವಳೇ ಅವಳು. ಓರಗಿತ್ತಿ ಚೀಲವನ್ನು ಬಾಗಿಲ ಬಳಿ ಇಟ್ಟು ಹಿಂದಕ್ಕೆ ನಡೆದಳು. ನಲ್ಲಿ ಬಿಟ್ಟ ಸದ್ದು ಕೇಳಿತು, ಆಮೇಲೆ ನಾರಿನಿಂದ ಉಜ್ಜುವ ಸದ್ದು.

ಕಾಜಕ್ಕ ಕೂತು ಸೂಜಿಗೆ ದಾರ ಪೋಣಿಸಿದಳು. ದೊಡ್ಡವಳು ಹಿಂಬದಿಗೆ ಇಣುಕಿ ನೋಡಿ ಬಂದು, ಅಮ್ಮನ ಕಿವಿಯ ಹತ್ತಿರ ಬಗ್ಗಿದಳು.

"ಅಮ್ಮ, ಆ ಪಾತ್ರೆ ನಾನು ಆಗ್ಲೇ ತೊಳೆದಿಟ್ಟಿದ್ನಲ್ಲ."

"ಗೊತ್ತು ಮಗಳೇ," ಎಂದಳು ಕಾಜಕ್ಕ. "ಇನ್ನೊಂದ್ಸಲ ತೊಳೀಲಿ."